ನಾಲಿಗೆಯ ಎಡಭಾಗ

"ಈಗ ಏನು ಗೊತ್ತಾಯ್ತು?"

"ನೀರು," ಎಂದಳು ಅವಳು.

ಕಿವಿ ಡಾಕ್ಟರು ಹತ್ತಿ ಸುತ್ತಿದ ಕಡ್ಡಿಯನ್ನು ಇನ್ನೊಂದು ಪುಟ್ಟ ಬಾಟಲಿಗೆ ಅದ್ದಿದರು. ಅವಳು ಮತ್ತೆ ನಾಲಿಗೆ ಚಾಚಿದಳು. ಕಡ್ಡಿ ಎಡ ಅಂಚಿಗೆ ತಗುಲಿತು. ತಣ್ಣಗಿದೆ, ಒದ್ದೆಯಾಗಿದೆ ಅನ್ನುವಷ್ಟು ಮಾತ್ರ ತಿಳಿಯಿತು.

"ಇದು?"

"ಇದೂ ನೀರೇ."

"ಮೊದಲನೇದು ಉಪ್ಪಿನ ನೀರು, ಇದು ಸಕ್ಕರೇದು," ಎಂದು ಡಾಕ್ಟರು ಕಡ್ಡಿಯನ್ನು ಬುಟ್ಟಿಗೆ ಎಸೆದರು. "ಬಲಗಡೆ ಸರಿಯಾಗಿದೆ. ಎಡಗಡೆ ಮುಂಭಾಗದಲ್ಲಿ ಮಾತ್ರ ರುಚಿ ಹೋಗಿದೆ. ಗಾಬರಿಯಾಗೋ ಅಂಥದ್ದೇನಿಲ್ಲ."

ಗಾಬರಿ ಅವಳಿಗೆ ಮೂರು ದಿನದ ಹಿಂದೆಯೇ ಆಗಿ ಮುಗಿದಿತ್ತು. ಈಗ ಉಳಿದಿದ್ದದ್ದು ಸಿಟ್ಟು. ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ, ಬಸ್ಸಿನಲ್ಲಿ ಸೀಟು ಸಿಗದವರು ಗಂಟು ಹೊತ್ತು ನಿಂತ ಹಾಗೆ ಹೊತ್ತುಕೊಂಡು ನಿಂತಿದ್ದಳು. "ನೀವು ಆಪರೇಷನ್ ಮಾಡಿದ್ದು ಕಿವಿಗೆ ತಾನೆ ಡಾಕ್ಟ್ರೇ? ನಾಲಿಗೆಗೆ ಯಾಕೆ ಹೋದ್ರಿ?"

ಡಾಕ್ಟರು ನಕ್ಕರು. ಕೆಟ್ಟ ನಗುವೇನಲ್ಲ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯ ಮಾದರಿಯನ್ನು ಬಿಚ್ಚಿ ತೋರಿಸಿದರು. ನಾಲಿಗೆಯ ಮುಂಭಾಗದ ರುಚಿಯನ್ನು ಮಿದುಳಿಗೆ ಒಯ್ಯುವ ನರವೊಂದು ನೆಟ್ಟಗೆ ಹೋಗದೆ, ಸುತ್ತು ಹಾಕಿ ಕಿವಿಯ ತಮಟೆಯ ಹಿಂದೆ ಹಾದುಹೋಗುತ್ತದಂತೆ. ದಾರಕ್ಕಿಂತ ಸಣ್ಣದು. ಅವಳ ಎಡಗಿವಿಯೊಳಗೆ ಗಟ್ಟಿಯಾಗಿ ಕೂತಿದ್ದ ಪುಟ್ಟ ಎಲುಬನ್ನು ಬದಲಿಸಬೇಕಾದರೆ ಈ ನರ ಅಡ್ಡ ಬರುತ್ತದೆ. ಕೆಲವರಲ್ಲಿ ಪಕ್ಕಕ್ಕೆ ಸರಿಸಿದರೆ ಸಾಕು. ಕೆಲವರಲ್ಲಿ ಎಳೆಯಬೇಕಾಗುತ್ತದೆ. ಎಳೆದರೆ ಅದು ಮುನಿಸಿಕೊಂಡು ಕೂರುತ್ತದೆ, ಬಾಯಲ್ಲಿ ಕಬ್ಬಿಣ ಕಚ್ಚಿದಂತಾಗುತ್ತದೆ. ಬಹಳ ಜನಕ್ಕೆ ಆರು ತಿಂಗಳಲ್ಲಿ, ವರ್ಷದೊಳಗೆ ಸರಿಹೋಗುತ್ತದೆ.

"ಎಷ್ಟೋ ಜನಕ್ಕೆ ಇದು ಗೊತ್ತೂ ಆಗಲ್ಲ," ಎಂದರು ಡಾಕ್ಟರು. "ನಾವು ರುಚಿ ಅಂದ್ಕೊಳ್ಳೋದರಲ್ಲಿ ಮುಕ್ಕಾಲು ಪಾಲು ವಾಸನೇನೇ. ನಿಮ್ಮ ಮೂಗು ಚೆನ್ನಾಗಿದೆ."

"ಉಪ್ಪಿಗೆ ವಾಸನೆ ಇದೆಯಾ ಡಾಕ್ಟ್ರೇ?"

ಡಾಕ್ಟರನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲವೋ ಏನೋ, ಪ್ಲಾಸ್ಟಿಕ್ ಕಿವಿಯನ್ನು ಮತ್ತೆ ಜೋಡಿಸತೊಡಗಿದರು.

ಉಪ್ಪಿಗೆ ವಾಸನೆಯಿಲ್ಲ. ಅಡುಗೆ ಸೋಡಾಕ್ಕೂ ಇಲ್ಲ. ಸಕ್ಕರೆ ಎಷ್ಟು ಬಿದ್ದಿದೆಯೆಂದು ಮೂಗು ಹೇಳುವುದಿಲ್ಲ. ಇದು ಅವಳಿಗೆ ಹನ್ನೊಂದು ವರ್ಷದ ಅನ್ನದ ವಿದ್ಯೆ. ಅವಳು ಕೆಲಸ ಮಾಡುತ್ತಿದ್ದದ್ದು ಬಿಸ್ಕತ್ತಿನ ಕಾರ್ಖಾನೆಯಲ್ಲಿ. ಮೊದಲು ಪ್ಯಾಕಿಂಗ್ ವಿಭಾಗದಲ್ಲಿ ನಿಂತು ಡಬ್ಬಕ್ಕೆ ಟೇಪು ಹಚ್ಚುತ್ತಿದ್ದಳು. ಒಂದು ದಿನ ಮುರುಕು ಬಿಸ್ಕತ್ತೊಂದನ್ನು ಬಾಯಿಗೆ ಹಾಕಿಕೊಂಡು, "ಇವತ್ತು ಉಪ್ಪು ಎರಡು ಸಲ ಹಾಕಿದ್ದಾರೆ," ಎಂದು ಪಕ್ಕದವಳಿಗೆ ಹೇಳಿದ್ದು ಓವನ್ ಮೇಸ್ತ್ರಿಯ ಕಿವಿಗೆ ಬಿತ್ತು. ಅವನು ಹೋಗಿ ವಿಚಾರಿಸಿದರೆ ನಿಜವೇ ಆಗಿತ್ತು. ಪಾಳಿ ಬದಲಾಗುವ ಹೊತ್ತಿನಲ್ಲಿ ಹೋಗುವವನೂ ಹಾಕಿದ್ದ, ಬಂದವನೂ ಹಾಕಿದ್ದ. ಅಲ್ಲಿಂದ ಮುಂದೆ ಅವಳಿಗೆ ಬಿಳಿ ಕೋಟು ಬಂತು, ಕಿಟಕಿ ಪಕ್ಕದ ಕುರ್ಚಿ ಬಂತು, ಉಗುರುಬೆಚ್ಚಗಿನ ನೀರಿನ ಜಗ್ಗು ಬಂತು. ಓವನ್‌ನಿಂದ ಹೊರಬಂದ ಪ್ರತಿ ಸುತ್ತಿನಿಂದ ಆರು ಬಿಸ್ಕತ್ತು ಅವಳ ತಟ್ಟೆಗೆ ಬರಬೇಕು. ಅವಳು ಮುರಿದು, ಮೂಸಿ, ನಾಲಿಗೆಯ ಮುಂದೆ ಕರಗಿಸಿ, ಉಗಿದು, ಬಾಯಿ ಮುಕ್ಕಳಿಸಿ, ಸ್ಲೇಟಿನಲ್ಲಿ ಗೀಟು ಎಳೆದರೆ ಮಾತ್ರ ಆ ಸುತ್ತು ಪ್ಯಾಕಿಂಗಿಗೆ ಹೋಗಬೇಕು.

ಆ ಕುರ್ಚಿಗಾಗಿ ಅವಳು ನಾಲಿಗೆಯನ್ನು ಕೂಸು ಸಾಕಿದಂತೆ ಸಾಕಿದ್ದಳು. ಬೆಳಿಗ್ಗೆ ಕಾಫಿ ಇಲ್ಲ. ಖಾರ ಇಲ್ಲ. ಪುದೀನದ ಪೇಸ್ಟು ಮನೆಯೊಳಗೇ ಬರುವಂತಿಲ್ಲ. ಹಸಿ ಈರುಳ್ಳಿ ತಿನ್ನಬೇಕೆನಿಸಿದರೆ ಗಂಡ, ಮಗಳು ರಾತ್ರಿಯೇ ತಿನ್ನಬೇಕು. ನೆಗಡಿಯಾದವರು ಅವಳ ಲೋಟ ಮುಟ್ಟುವ ಹಾಗಿಲ್ಲ. ಈ ಕಟ್ಟುಪಾಡಿಗೆ ಗಂಡ ಗೊಣಗುತ್ತಲೇ ಒಗ್ಗಿಕೊಂಡಿದ್ದ. ಒಗ್ಗಿಕೊಂಡಿದ್ದ ಎನ್ನುವುದನ್ನು ನೆನಪಿಡಬೇಕು. ಏಕೆಂದರೆ ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದು ಆಮೇಲೆ ಯಾರಾದರೂ ವಾದಿಸಲು ಬಂದರೆ ಅವರ ಬಾಯಿಗೆ ಆ ಹಸಿ ಈರುಳ್ಳಿಯನ್ನೇ ತುರುಕಬೇಕು.

ಎಡಗಿವಿ ಮಂದವಾಗಿ ಎರಡು ವರ್ಷವಾಗಿತ್ತು. ಆಪರೇಷನ್ ಆಯಿತು, ಕಿವಿ ಕೇಳಿಸಿತು, ಮೂರು ವಾರ ರಜೆ ಮುಗಿಸಿ ಕೆಲಸಕ್ಕೆ ಬಂದಳು. ಬಾಯಲ್ಲಿ ಬೀಗದ ಕೈ ಇಟ್ಟುಕೊಂಡ ಹಾಗೆ ಅನ್ನಿಸುತ್ತಿತ್ತು. ಮಾತ್ರೆಗಳ ಗುಣವಿರಬೇಕು, ನಿಲ್ಲಿಸಿದರೆ ಹೋಗುತ್ತದೆ ಅಂದುಕೊಂಡಳು. ಮಾತ್ರೆ ನಿಂತಿತು, ಕಬ್ಬಿಣ ನಿಲ್ಲಲಿಲ್ಲ. ಕಳೆದ ಮಂಗಳವಾರ ಅವಳು ಗೀಟು ಎಳೆದು ಕಳಿಸಿದ ಸುತ್ತಿನ ತಟ್ಟೆಯನ್ನು ಓವನ್ ಮೇಸ್ತ್ರಿ ತಾನೇ ಹೊತ್ತುಕೊಂಡು ವಾಪಸು ಬಂದ.

"ತಂಗಿ, ಇದನ್ನ ಇನ್ನೊಂದ್ಸಲ ನೋಡು."

ನೋಡಿದಳು. "ಸರಿಯಾಗಿದೆಯಲ್ಲ ಅಣ್ಣ."

ಮೇಸ್ತ್ರಿ ತಟ್ಟೆಯನ್ನು ಅವಳತ್ತ ಇನ್ನಷ್ಟು ಸರಿಸಿದ. ಮೂವತ್ತು ವರ್ಷ ಬೀಡಿ ಸೇದಿ ಸುಟ್ಟುಹೋದ ಬಾಯಿ ಅವನದು. ಅಂಥವನಿಗೂ ಆ ಬಿಸ್ಕತ್ತು ಸಾಬೂನಿನ ಹಾಗೆ ಹತ್ತಿತ್ತು. ಸೋಡಾ ಎರಡು ಪಟ್ಟು ಬಿದ್ದಿತ್ತು. "ಯಾರಿಗೂ ಹೇಳಲ್ಲ, ಮುರುಕು ಮಾಲಿಗೆ ಸೇರಿಸಿಬಿಡ್ತೀನಿ," ಎಂದ. ಅವಳು ಕೇಳಲಿಲ್ಲ. ತಟ್ಟೆಯನ್ನು ಎತ್ತಿಕೊಂಡು ಸೀದಾ ಮ್ಯಾನೇಜರ್ ಕೋಣೆಗೆ ಹೋಗಿ, "ನಾನು ತಪ್ಪಾಗಿ ಪಾಸು ಮಾಡಿದೀನಿ," ಎಂದಳು.

ಮ್ಯಾನೇಜರ್ ಹೆಂಗಸು. ಲೆಕ್ಕಕ್ಕಿಂತ ಹೆಚ್ಚು ಮಾತಾಡುವವಳಲ್ಲ. ಅವಳು ಆಗಲೇ ಲ್ಯಾಬಿನಿಂದ ಐದು ಬಟ್ಟಲು ತರಿಸಿ ಸಾಲಾಗಿ ಇಡಿಸಿದಳು. ಪ್ರತಿ ವರ್ಷ ನಡೆಯುವ ಪರೀಕ್ಷೆಯೇ ಅದು. ಸಿಹಿ, ಉಪ್ಪು, ಹುಳಿ, ಕಹಿ, ಬರೀ ನೀರು. ಇವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಎಡವಿರಲಿಲ್ಲ. ಅಂದು ಐದರಲ್ಲಿ ಎರಡು ತಪ್ಪಿದಳು. ಬರೀ ನೀರಿಗೆ ಕಹಿ ಎಂದಳು.

"ಡಾಕ್ಟರಿಂದ ಒಂದು ಕಾಗದ ತಗೊಂಡು ಬನ್ನಿ," ಎಂದಿದ್ದಳು ಮ್ಯಾನೇಜರ್. "ಆಪರೇಷನ್‌ನಿಂದ ಹೀಗಾಗಿದೆ, ಇಷ್ಟು ತಿಂಗಳಲ್ಲಿ ಸರಿಹೋಗಬಹುದು ಅಂತ ಬರೆದಿರಬೇಕು. ಹಾಗಿದ್ರೆ ಆರು ತಿಂಗಳು ನಿಮ್ಮ ಕುರ್ಚೀನ ನಾನು ಯಾರಿಗೂ ಕೊಡಲ್ಲ, ಪ್ಯಾಕಿಂಗಲ್ಲಿ ಇದ್ದು ವಾಪಸು ಬನ್ನಿ. ಶನಿವಾರದೊಳಗೆ ಬೇಕು. ಸೋಮವಾರ ಮೇಲಿನವರು ಹೊಸಬರನ್ನ ಹಾಕ್ತಾರೆ."

ಹಾಗಾಗಿ ಈಗ ಅವಳು ಡಾಕ್ಟರನ್ನು ಕಾಗದ ಕೇಳಿದಳು. ಡಾಕ್ಟರು ಧಾರಾಳವಾಗಿ ಒಪ್ಪಿದರು. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬಡಿದು, ಪ್ರಿಂಟು ತೆಗೆದು, ಸಹಿ ಹಾಕಿ ಕೊಟ್ಟರು. ಅವಳು ಅಲ್ಲೇ ಓದಿದಳು. ಹೆಸರು ಸರಿ, ವಯಸ್ಸು ಸರಿ. ಅದರ ಕೆಳಗೆ, ವೃತ್ತಿ: ಗೃಹಿಣಿ.

"ಇದು ತಪ್ಪು. ನಾನು ಬಿಸ್ಕತ್ತಿನ ಫ್ಯಾಕ್ಟರೀಲಿ ರುಚಿ ನೋಡೋಳು."

ಡಾಕ್ಟರ ಕೈ ಕೀಬೋರ್ಡಿನ ಮೇಲೇ ನಿಂತಿತು. "ರುಚಿ ನೋಡೋದು ನಿಮ್ಮ ಕೆಲಸಾನಾ?" ಎಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇದು ಮೊದಲೇ ಗೊತ್ತಿದ್ರೆ ನಾನು ನಿಮಗೆ ಆಪರೇಷನ್ ಬೇಡ, ಕಿವಿಗೆ ಯಂತ್ರ ಹಾಕ್ಕೊಳ್ಳಿ ಅಂತಿದ್ದೆ. ಅಡುಗೆ ಭಟ್ಟರಿಗೆಲ್ಲ ಹಾಗೇ ಹೇಳ್ತೀವಿ. ಅದಕ್ಕೇ ಫಾರಂನಲ್ಲಿ ಆ ಕಾಲಂ ಇರೋದು," ಎಂದರು.

ಫೈಲು ತೆಗೆದು ಅವಳ ಕಡೆ ತಿರುಗಿಸಿದರು. ಓದಬೇಕಾದ ಅಗತ್ಯವೇ ಇರಲಿಲ್ಲ. ಆ ಅಕ್ಷರವನ್ನು ಅವಳು ಕತ್ತಲಲ್ಲಿ ಬೆರಳಾಡಿಸಿಯೂ ಗುರುತಿಸುತ್ತಿದ್ದಳು. 'ಗ'ದ ಕೆಳಗಿನ ವಟ್ರಸುಳಿ ಬಳ್ಳಿಯ ಕುಡಿಯಂತೆ ಬಳುಕಿತ್ತು, 'ಣಿ' ದುಂಡಗೆ ಕೂತಿತ್ತು. ಅವಳ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಬೀದಿಯಲ್ಲಿ ಯಾರಿಗೆ ಯಾವ ಅರ್ಜಿ ತುಂಬಬೇಕಿದ್ದರೂ ಅವನ ಹತ್ತಿರವೇ ಬರುತ್ತಿದ್ದರು, ಅಷ್ಟು ಚೆಂದದ ಕೈಬರಹ. ಆಪರೇಷನ್ ದಿನ ಅವಳ ಅರ್ಜಿಯನ್ನೂ ಅವನೇ ತುಂಬಿ, ಕೆಳಗೆ ಅವಳಿಂದ ಸಹಿ ಹಾಕಿಸಿದ್ದ.

"ದಾಖಲೆ ತಿದ್ದಬೇಕು ಅಂದ್ರೆ ತುಂಬಿದವರೇ ಬರಬೇಕು," ಎಂದರು ಡಾಕ್ಟರು. "ತಪ್ಪಾಗಿ ಬರೆದಿದ್ದೆ, ಸರಿಯಾದದ್ದು ಇದು ಅಂತ ಕೌಂಟರಲ್ಲಿ ಬರೆದುಕೊಟ್ರೆ ಹೊಸ ಕಾಗದ ಕೊಡ್ತೀನಿ." ಅವಳು ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು. ಸೇರಿಸದಿದ್ದರೆ ಅವಳ ಗಂಡನಿಗೆ ಒಳ್ಳೆಯದಿತ್ತು. "ರುಚಿ ಹೆಚ್ಚುಕಮ್ಮಿ ಆಗಬಹುದು ಅಂತ ಅವತ್ತೇ ಹೇಳಿದ್ನಲ್ಲಮ್ಮ ನಾನು. ನಿಮಗೆ ಸರಿಯಾಗಿ ಕೇಳಿಸ್ತಿರಲಿಲ್ಲ ಅಂತ ನಿಮ್ಮ ಮನೆಯವರಿಗೆ ಹೇಳಿದ್ದೆ."

ಅವಳು ಮೊದಲು ಕಾರ್ಖಾನೆಗೇ ಹೋಗಿ ಆ ಕಾಗದವನ್ನೇ ಕೊಟ್ಟು ನೋಡಿದಳು. ಮ್ಯಾನೇಜರ್ ಒಮ್ಮೆ ಓದಿ ವಾಪಸು ಕೊಟ್ಟಳು. "ನಮ್ಮಲ್ಲಿ ನಿಮ್ಮ ಹೆಸರಿನ ಮುಂದೆ ರುಚಿ ಪರೀಕ್ಷಕಿ ಅಂತಿದೆ. ಇಲ್ಲಿ ಗೃಹಿಣಿ ಅಂತಿದೆ. ಇದನ್ನ ಮೇಲೆ ಕಳಿಸಿದ್ರೆ ಯಾವ ಗೃಹಿಣಿಗೆ ನೀನು ಕುರ್ಚಿ ಹಿಡಿದಿಟ್ಟಿದೀಯ ಅಂತ ನನ್ನನ್ನೇ ಕೇಳ್ತಾರೆ. ಸರಿಮಾಡಿಸ್ಕೊಂಡು ಬನ್ನಿ." ಅದು ಶುಕ್ರವಾರದ ಮಧ್ಯಾಹ್ನ.

ಸಂಜೆ ಮನೆಗೆ ಹೋದಾಗ ಗಂಡ ಹಜಾರದಲ್ಲಿ ಕುಕ್ಕರುಗಾಲಲ್ಲಿ ಕೂತು ಹೊಲಿಗೆ ಅಂಗಡಿಯೊಂದರ ಬೋರ್ಡಿಗೆ ಹಳದಿ ಬಳಿಯುತ್ತಿದ್ದ. ಅವಳು ಚಪ್ಪಲಿಯನ್ನೂ ಬಿಡಲಿಲ್ಲ.

"ಆಸ್ಪತ್ರೆ ಫಾರಂನಲ್ಲಿ ನನ್ನ ಕೆಲಸ ಏನಂತ ಬರೆದ್ರಿ?"

ಅವನು ಕುಂಚ ಎತ್ತದೆ, "ಯಾವ ಫಾರಂ? ಓ ಅದಾ. ನೆನಪಿಲ್ಲಪ್ಪ," ಎಂದ.

"ಗೃಹಿಣಿ ಅಂತ ಬರೆದಿದೀರಿ. ಚೆಂದಕ್ಕೆ ಬರೆದಿದೀರಿ, ಫ್ರೇಮು ಹಾಕಿಸ್ಬೇಕು."

"ಹೆಂಗಸರಿಗೆಲ್ಲ ಹಾಗೇ ಬರೆಯೋದು ಕಣೇ. ಅಲ್ಲಿ ಇದ್ದಿದ್ದು ಇಷ್ಟೇ ಇಷ್ಟು ಜಾಗ. ಅದಕ್ಕೇನೀಗ?"

ಅದಕ್ಕೇನು ಎಂಬುದನ್ನು ಅವಳು ಹೇಳಿದಳು. ನರ, ಎಲುಬು, ಯಂತ್ರ, ಕಾಗದ, ಸೋಮವಾರ, ಎಲ್ಲ. ಅವನ ಕುಂಚದಿಂದ ಹಳದಿ ಬಣ್ಣ ತೊಟ್ಟಿಕ್ಕಿ ನೆಲದ ಮೇಲೆ ಬಿತ್ತು. ಅವನು ಕೆಟ್ಟವನಲ್ಲ, ಇದನ್ನೂ ಹೇಳಿಬಿಡಬೇಕು. ಆಸ್ಪತ್ರೆಯಲ್ಲಿ ಮೂರು ದಿನ ಅವಳ ಮಂಚದ ಪಕ್ಕದ ಸ್ಟೂಲಿನಿಂದ ಏಳದೆ ಕೂತಿದ್ದ, ಕಿವಿಗೆ ತಪ್ಪದೆ ಹನಿ ಹಾಕಿದ್ದ. ಅಂಥವನ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂಬುದೇ ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಡಾಕ್ಟ್ರು ನಿಮಗೆ ಹೇಳಿರಲಿಲ್ವಾ, ರುಚಿ ಹೋಗಬಹುದು ಅಂತ?"

ಅವನು ಕುಂಚವನ್ನು ಡಬ್ಬದ ಅಂಚಿಗೆ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

"ಹೇಳಿದ್ರಾ ಇಲ್ವಾ?"

"ಏನೋ ಅಂದ್ರು. ಸ್ವಲ್ಪ ದಿನ ನಾಲಿಗೆ ಒಂಥರಾ ಇರುತ್ತೆ ಅಂತ. ಪರವಾಗಿಲ್ಲ ಡಾಕ್ಟ್ರೇ, ಮಾಡಿ ಅಂದೆ. ನಿನಗೆ ಕಿವಿ ಕೇಳಿಸಲಿ ಅಂತ ತಾನೆ?"

"ಯಾರಿಗೆ ಪರವಾಗಿಲ್ಲ?"

"ಈಗ ಅದಕ್ಕೆಲ್ಲ..."

"ಯಾರಿಗೆ ಪರವಾಗಿಲ್ಲ ರೀ? ನಿಮ್ಮ ಬಲಗೈ ಸ್ವಲ್ಪ ದಿನ ಒಂಥರಾ ಇರುತ್ತೆ ಅಂತ ಡಾಕ್ಟ್ರು ನನ್ನ ಹತ್ರ ಹೇಳಿ, ನಾನು ಪರವಾಗಿಲ್ಲ ಅಂದಿದ್ರೆ?"

ಮಗಳು ಒಳಗಿನಿಂದ ಪುಸ್ತಕ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು. ಏಳನೇ ತರಗತಿ. ದೊಡ್ಡವರ ಜಗಳದ ನಡುವೆ ತಲೆ ಹಾಕಬಾರದೆಂಬ ಬುದ್ಧಿ ಇನ್ನೂ ಬಂದಿರಲಿಲ್ಲ, ಬರದಿದ್ದದ್ದೇ ಒಳ್ಳೆಯದಾಯಿತು. "ನನ್ನ ಸ್ಕೂಲ್ ಫಾರಂನಲ್ಲೂ ಅಪ್ಪ ಹಾಗೇ ಬರೆದಿದ್ದಾರಲ್ಲಮ್ಮ. ಟೀಚರು ಅಮ್ಮ ಮನೇಲೇ ಇರ್ತಾರಲ್ಲ, ಮೀಟಿಂಗಿಗೆ ಯಾಕೆ ಬರಲ್ಲ ಅಂತ ಕೇಳ್ತಾರೆ," ಎಂದಳು.

ಅವಳು ಕೋಣೆಗೆ ಹೋಗಿ ಕಾಗದಪತ್ರಗಳ ಪೆಟ್ಟಿಗೆಯನ್ನು ಎಳೆದುಕೊಂಡು ಬಂದು ಹಜಾರದ ನಡುವೆ ಸುರಿದಳು. ಗ್ಯಾಸಿನ ಅರ್ಜಿಯ ನಕಲು, ಬಾಡಿಗೆ ಕರಾರು, ಮಗಳ ಶಾಲೆಯ ಅರ್ಜಿ, ಬ್ಯಾಂಕಿನದು, ವಿಮೆಯದು. ಹನ್ನೊಂದು ವರ್ಷದ ಕಾಗದ. ಒಂದೊಂದನ್ನೇ ಎತ್ತಿ ಓದಿದಳು. ಗೃಹಿಣಿ. ಗೃಹಿಣಿ. ಮನೆಗೆಲಸ. ಒಂದು ಕಡೆ ಬರೀ ಅಡ್ಡಗೆರೆ. ಪ್ರತಿಯೊಂದರ ಕೆಳಗೂ ಅವಳದೇ ಸಹಿ. ಓದದೆ ಹಾಕಿದ ತಪ್ಪು ತನ್ನದೂ ಹೌದು ಎಂದು ಅವಳಿಗೆ ಕಂಡಿತು. ಕಂಡು ಮೈ ಇನ್ನಷ್ಟು ಉರಿಯಿತು. ಅದೇ ಕಾಗದಗಳಲ್ಲಿ ತನ್ನ ಹೆಸರಿನ ಮುಂದೆ ಅವನು ಏನು ಬರೆದುಕೊಂಡಿದ್ದಾನೆಂದು ಆಮೇಲೆ ನೋಡಿದಳು. ಕಲಾವಿದ.

"ಕಲಾವಿದ!" ಎಂದಳು. "ಹೊಲಿಗೆ ಅಂಗಡಿಗೆ ಹಳದಿ ಬಳಿಯೋ ಕಲಾವಿದ! ಅದಕ್ಕೆ ಜಾಗ ಸಾಕಾಯ್ತಾ?"

ಅವನಿಗೂ ರೇಗಿತು. "ಇನ್ನೇನು ಬರೀಬೇಕಿತ್ತೇ? ಬಿಸ್ಕತ್ತು ತಿನ್ನೋಳು ಅಂತ ಬರೀಬೇಕಿತ್ತಾ? ನಿನ್ನ ಹೆಂಡ್ತಿ ತಿಂದು ತಿಂದೇ ಸಂಬಳ ಎಣಿಸ್ತಾಳಂತೆ ಅಂತ ಬೀದಿಯವರು ನನ್ನ ಮುಂದೇನೇ ನಗ್ತಾರೆ. ಗೃಹಿಣಿ ಅಂದ್ರೆ ಮರ್ಯಾದೆ ಅಂತ ಬರೆದೆ!"

ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ಅವನು ನೋಡಿದ, ಆಗಲಿಲ್ಲ. ಅವಳು ಕಿರುಚಲಿಲ್ಲ. ತಾನು ಹನ್ನೊಂದು ವರ್ಷ ಒಂದೊಂದು ಚೂರನ್ನೂ ಉಗಿದ ಕಬ್ಬಿಣದ ಬೋಸಿ ಕಣ್ಣ ಮುಂದೆ ಬಂತು. ತಿಂದಿದ್ದರೆ ಇಷ್ಟು ಹೊತ್ತಿಗೆ ಬಾಗಿಲಲ್ಲಿ ಹಿಡಿಯದಷ್ಟು ದಪ್ಪಗಾಗಿರುತ್ತಿದ್ದಳು. ಒಂದನ್ನೂ ನುಂಗಿದವಳಲ್ಲ. ಅದನ್ನು ಇವನಿಗೆ ಹೇಳಿ ಏನಾಗಬೇಕು ಎನಿಸಿತು.

"ನಾಳೆ ಹನ್ನೆರಡಕ್ಕೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀರಿ," ಎಂದಳು. "ತಪ್ಪಾಗಿ ಬರೆದೆ ಅಂತ ನಿಮ್ಮ ಕೈಯಲ್ಲೇ ಬರೆದುಕೊಡ್ತೀರಿ. ಬರಲ್ಲ ಅಂದ್ರೆ ಈ ಕಾಗದಗಳನ್ನೆಲ್ಲ ನಿಮ್ಮ ಬೋರ್ಡಿನ ಮೇಲೆ ಅಂಟಿಸಿ ಬೀದಿ ಬಾಗಿಲಿಗೆ ಒರಗಿಸ್ತೀನಿ. ನಗೋರು ಓದ್ಕೊಂಡು ನಗಲಿ."

ಅವನು ಬಂದ. ಶನಿವಾರ ಒಗೆದ ಅಂಗಿ ಹಾಕಿಕೊಂಡು, ಜೇಬಿನಲ್ಲಿ ತನ್ನ ಮಸಿ ಪೆನ್ನು ಸಿಕ್ಕಿಸಿಕೊಂಡು ಬಂದ. ಆಸ್ಪತ್ರೆಯ ಕೌಂಟರಿನ ಮುಂದೆ ಹತ್ತು ಹನ್ನೆರಡು ಜನರ ಸಾಲಿತ್ತು. ಶನಿವಾರ ಒಂದು ಗಂಟೆಗೆ ಕೌಂಟರು ಮುಚ್ಚುತ್ತದೆಂದು ಗಾಜಿಗೆ ಚೀಟಿ ಅಂಟಿಸಿದ್ದರು. ಅವರ ಸರದಿ ಬಂದಾಗ ಗೋಡೆ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು.

ಗುಮಾಸ್ತ ಬಿಳಿ ಹಾಳೆಯೊಂದನ್ನು ಗಾಜಿನ ಕಿಂಡಿಯಿಂದ ತಳ್ಳಿದ. "ಸಾರ್, ನಾನು ಹೇಳಿದ ಹಾಗೆ ಬರೀರಿ. ಕೆಳಗೆ ಸಹಿ ಮಾಡಿದ ನಾನು..."

ಗಂಡ ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದ. ಬರೆಯುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅಕ್ಷರಗಳು ಒಂದರ ಪಕ್ಕ ಒಂದು ಅಚ್ಚು ಹಾಕಿದಂತೆ ಇಳಿದವು. ಗುಮಾಸ್ತ ಹೇಳುವುದನ್ನು ನಿಲ್ಲಿಸಿ ಗಾಜಿಗೆ ಮುಖ ತಂದು ನೋಡಿದ. "ಏನ್ ಸಾರ್ ಅಕ್ಷರ! ಮುತ್ತು ಪೋಣಿಸಿದಂಗಿದೆ!"

"ಅಭ್ಯಾಸ," ಎಂದು ಗಂಡ ನಾಚಿ ನಕ್ಕ. ಆ ನಗು ನೋಡಿ ಹೆಂಡತಿಗೆ ಹಾಳೆಯನ್ನು ಕಸಿದು ಹರಿದುಹಾಕುವಷ್ಟು ಸಿಟ್ಟು ಬಂತು. ಹಲ್ಲು ಕಚ್ಚಿ ನಿಂತಳು. ಬಾಯಲ್ಲಿ ಕಬ್ಬಿಣವೋ ಸಿಟ್ಟೋ ಗೊತ್ತಾಗಲಿಲ್ಲ.

"ನನ್ನ ಹೆಂಡತಿಯ ವೃತ್ತಿಯನ್ನು ಗೃಹಿಣಿ ಎಂದು ತಪ್ಪಾಗಿ ನಮೂದಿಸಿದ್ದೆ," ಎಂದು ಗುಮಾಸ್ತ ಹೇಳಿಕೊಟ್ಟ. ಗಂಡ ಬರೆದ. "ಆಕೆಯ ಸರಿಯಾದ ವೃತ್ತಿ, ಎರಡು ಚುಕ್ಕಿ, ಅದನ್ನ ನೀವೇ ಬರ್ಕೊಳಿ. ಅವರ ಆಫೀಸಲ್ಲಿ ಏನಂತ ಇದೆಯೋ ಅದೇ ಇರಬೇಕು, ಇಲ್ದಿದ್ರೆ ಮತ್ತೆ ತಿರುಗ್ಬೇಕಾಗುತ್ತೆ."

ಗಂಡ ಎರಡು ಚುಕ್ಕಿ ಇಟ್ಟ. ಪೆನ್ನು ಅಲ್ಲೇ ನಿಂತಿತು.

ಅವನು ಮೆಲ್ಲಗೆ ಅವಳ ಕಡೆ ಬಗ್ಗಿ, ಗುಮಾಸ್ತನಿಗೆ ಕೇಳಿಸಬಾರದೆಂದು ಪಿಸುಗುಟ್ಟಿದ. "ನಿನ್ನ ಕೆಲಸಕ್ಕೆ ಏನಂತಾರೆ?"

ಅವಳು ಅವನ ಮುಖ ನೋಡಿದಳು. ತಮಾಷೆಯಿರಲಿಲ್ಲ, ಹಟವಿರಲಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

"ಹೇಳೇ, ಹೊತ್ತಾಗ್ತಿದೆ. ಏನೋ ಪರೀಕ್ಷೆ ಅಂತಿದ್ಯಲ್ಲ?"

"ಹೇಳ್ಬಿಡಿ ಅಮ್ಮ," ಎಂದ ಗುಮಾಸ್ತ. "ಒಂದು ಗಂಟೆಗೆ ಕ್ಲೋಸು. ಹಿಂದೆ ಜನ ನಿಂತಿದ್ದಾರೆ."

ಹೇಳಿದರೆ ಎರಡು ಪದ. ಬಾಯಿ ತೆರೆದರೆ ಮುಗಿಯುತ್ತಿತ್ತು. ಸಂಜೆಯೊಳಗೆ ಕಾಗದ ಮ್ಯಾನೇಜರ್ ಮೇಜಿನ ಮೇಲಿರುತ್ತಿತ್ತು, ಕುರ್ಚಿ ಉಳಿಯುತ್ತಿತ್ತು. ಅವಳಿಗೆ ಅದೆಲ್ಲ ತಿಳಿದಿತ್ತು.

"ಅವರು ನನ್ನ ಗಂಡ," ಎಂದಳು ಗುಮಾಸ್ತನಿಗೆ. "ಅವರಿಗೆ ಗೊತ್ತಿರುತ್ತೆ. ನೆನಪು ಮಾಡ್ಕೊಳ್ಳಲಿ."

ಅವಳು ಸಾಲಿನಿಂದ ಹೊರಬಂದು, ಗೋಡೆ ಪಕ್ಕದ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗುಮಾಸ್ತ ನಿಟ್ಟುಸಿರು ಬಿಟ್ಟು ಹಿಂದಿನವರ ಕಾಗದಕ್ಕೆ ಕೈ ಚಾಚಿದ. ಗಂಡ ಹಾಳೆ ಹಿಡಿದು ಪಕ್ಕಕ್ಕೆ ಸರಿದ. ಕೌಂಟರಿನ ತುದಿಯಲ್ಲಿ ಹಾಳೆಯನ್ನು ಹರಡಿ, ಬಗ್ಗಿ, ಪೆನ್ನನ್ನು ಆ ಎರಡು ಚುಕ್ಕಿಗಳ ಮುಂದೆ ಊರಿದ. ಮಸಿ ಕಾಗದದೊಳಗೆ ಇಳಿದು ದುಂಡಗೆ ಹರಡುತ್ತಿತ್ತು. ಅವನು ತಲೆ ಎತ್ತಿ ಅವಳತ್ತ ನೋಡಿದ. ಅವಳು ಗಡಿಯಾರ ನೋಡುತ್ತಿದ್ದಳು.